ರೂಟರ್ ಲಿಫ್ಟ್: ಸನ್ನೆಯೋ, ತಿರುಪೋ?

ರೂಟರ್ ಎಂದರೆ ಗಿರಗಿರನೆ ತಿರುಗುವ ಬಿಟ್ಟಿನಿಂದ, ಅಂದರೆ ಕೊರೆಯುವ ಅಲಗಿನಿಂದ, ಮರ ಕೊರೆಯುವ ಯಂತ್ರ. ಅದನ್ನು ಮೇಜಿನಡಿ ತಲೆಕೆಳಗಾಗಿ ಕೂರಿಸಿದರೆ ರೂಟರ್ ಟೇಬಲ್; ಅಲ್ಲಿ ಅದನ್ನು ಏರಿಳಿಸುವ ಸಾಧನವೇ ಲಿಫ್ಟ್. ನನ್ನ ರೂಟರ್ ಟೇಬಲ್‌ನಲ್ಲಿ ಈಗ ಉಳಿದಿರುವುದು ಹ್ಯಾಂಡಲ್ ತಿರುಗಿಸಿ ಏರಿಳಿಸುವ ತಿರುಪಿನ ಲಿಫ್ಟ್. ಅದಕ್ಕೂ ಮೊದಲು ಕೊಂಡಿದ್ದ ಸನ್ನೆಯ (ಲಿವರ್) ಲಿಫ್ಟ್ ಡಬ್ಬಿ ಸೇರಿದೆ. ನಾನೇ ಪ್ಲೈವುಡ್‌ನಲ್ಲಿ ಮಾಡಿಕೊಂಡಿದ್ದ ಇನ್ನೊಂದು ಅಟ್ಟ ಹತ್ತಿದೆ.

ವೇಗದಲ್ಲಿ ಸನ್ನೆಯದಕ್ಕೆ ಸಾಟಿಯಿಲ್ಲ. ಒಂದು ಸಲ ಎಳೆದರೆ ಬಿಟ್ಟನ್ನು ಕಚ್ಚಿ ಹಿಡಿಯುವ ಕಾಲೆಟ್ ಮೇಜಿನ ಮೇಲೆ ಬಂದು ನಿಲ್ಲುತ್ತದೆ. ಬಿಟ್ ಬದಲಿಸಿ ಇಳಿಸಿದರಾಯಿತು. ಇಷ್ಟೇ ಕೆಲಸಕ್ಕೆ ತಿರುಪಿನ ಲಿಫ್ಟ್‌ನಲ್ಲಿ ಮಣಿಕಟ್ಟು ಸೋಲುವವರೆಗೆ ತಿರುಗಿಸಬೇಕು.

ಸನ್ನೆಯದರ ತೊಡಕಿರುವುದು ಹೊಂದಿಸಿದ ಎತ್ತರವನ್ನು ಹಿಡಿದಿಡುವ ಬೀಗದಲ್ಲಿ. ಎತ್ತರ ಹೊಂದಿಸಿ, ಅಳೆದು, ಸರಿಯಿದೆ ಎಂದುಕೊಂಡು ಬೀಗ ಬಿಗಿದರೆ ಬಿಟ್ ಕೂದಲೆಳೆಯಷ್ಟು ಕದಲುತ್ತದೆ. ಆ ಬೀಗ ಒಂದೇ ಬದಿಯಿಂದ ಒತ್ತುತ್ತದೆ. ಮೋಟಾರನ್ನು ಹೊತ್ತ ಚೌಕಟ್ಟಿಗೂ ಕಂಬಗಳಿಗೂ ನಡುವೆ ಎಷ್ಟು ಸಡಿಲಿದೆಯೋ ಅಷ್ಟು ವಾಲಿಕೆ ಬರುತ್ತದೆ. ಅಂಚು ದುಂಡಗೆ ಮಾಡುವವರಿಗೆ ಇದು ಕಣ್ಣಿಗೂ ಬೀಳದು.

ಎರಡು ಹಲಗೆ ಒಂದಕ್ಕೊಂದು ಕಚ್ಚಿ ಕೂಡುವಂತೆ ಅಂಚು ಕೊರೆಯುವ ಲಾಕ್ ಮೈಟರ್ ಬಿಟ್ ಹಾಕಿದಾಗ ಬಣ್ಣ ಬಯಲಾಗುತ್ತದೆ. ಅದರಲ್ಲಿ ಬಿಟ್ಟಿನ ನಡುಗೆರೆ ಹಲಗೆಯ ದಪ್ಪದ ನಡುವಿಗೇ ಬರಬೇಕು. ಎತ್ತರ 0.2 ಮಿ.ಮೀ. ತಪ್ಪಿದರೆ, ಎರಡು ತುಂಡು ಕೊರೆದು ಒಂದನ್ನು ಮಗುಚಿ ಜೋಡಿಸಿದಾಗ ಮೆಟ್ಟಿಲು 0.4 ಮಿ.ಮೀ. ಕಾಣುತ್ತದೆ. ಬೀಗ ಎಷ್ಟು ಜರುಗಿಸೀತು ಎಂದು ಊಹಿಸಿ ಮೊದಲೇ ಅಷ್ಟು ತಗ್ಗಿಸಿಡುವ ಜಾಣತನವನ್ನೂ ಮಾಡಿ ನೋಡಿದೆ. ಆದರೆ ಜರುಗುವುದು ಪ್ರತಿ ಸಲವೂ ಒಂದೇ ಅಳತೆಯಲ್ಲ. ಕೈ ಎಷ್ಟು ಬಿಗಿಯಿತೋ ಅಷ್ಟು. ಪರೀಕ್ಷೆಯ ತುಂಡುಗಳಿಗೇ ಒಳ್ಳೆಯ ಮರ ಖರ್ಚಾಗುತ್ತಿತ್ತು.

ತಿರುಪಿನ ಲಿಫ್ಟ್‌ನಲ್ಲಿ ಭಾರ ನಿಲ್ಲುವುದು ತಿರುಪಿನ ಎಳೆಗಳ ಮೇಲೆ. ಬೀಗದ ಪಾಲಿಗೆ ಉಳಿಯುವುದು ಅದುರುವುದನ್ನು ತಡೆಯುವುದಷ್ಟೆ. ನನ್ನ ಲಿಫ್ಟ್‌ನಲ್ಲಿ ಅದು ಕಂಬವನ್ನು ಸುತ್ತಲೂ ಅಪ್ಪಿ ಹಿಡಿಯುವುದರಿಂದ ಬಿಟ್ ಅಲುಗುವುದಿಲ್ಲ. ತಿರುಪಿನ ಪಿಚ್, ಅಂದರೆ ಒಂದು ಸುತ್ತಿಗೆ ಏರುವ ಎತ್ತರ, 1.5 ಮಿ.ಮೀ. ಇದ್ದರೆ ಕಾಲು ಸುತ್ತಿಗೆ 0.4 ಮಿ.ಮೀ.ಗಿಂತ ತುಸು ಕಡಿಮೆ. ಬಿಟ್ಟನ್ನು ಇಳಿಸಬೇಕಾದಾಗ ಬೇಕಾದ್ದಕ್ಕಿಂತ ಕೆಳಗೆ ಇಳಿಸಿ ಮತ್ತೆ ಮೇಲಕ್ಕೆ ತಂದು ನಿಲ್ಲಿಸಬೇಕು. ಇಲ್ಲವಾದರೆ ತಿರುಪು ಮತ್ತು ನಟ್ಟಿನ ನಡುವೆ ಉಳಿದ ಸಡಿಲಿನಷ್ಟು ಮೋಟಾರ್ ಕೊರೆಯುವಾಗ ಕುಸಿಯಬಹುದು. ತಿರುಪಿಗೆ ಎಣ್ಣೆ ಬಿಡಬೇಡಿ. ಮರದ ಹುಡಿ ಸೇರಿ ಅಂಟಾಗುತ್ತದೆ. ಒಣ ಮೇಣ ಸಾಕು.

ಪ್ಲೈವುಡ್ಡಿನದಕ್ಕೆ ಖರ್ಚೆಂದರೆ ಎಂ10 (10 ಮಿ.ಮೀ. ದಪ್ಪದ) ತಿರುಪುಸರಳು, ನಟ್ಟುಗಳು, ಉಳಿಕೆ ತುಂಡುಗಳು. ಹವೆಯಲ್ಲಿ ತೇವ ಏರಿದಾಗ ಜಾರುಪಟ್ಟಿ ಉಬ್ಬಿ ಕಚ್ಚಿಕೊಳ್ಳುತ್ತದೆ ಎಂಬುದು ಬಿಟ್ಟರೆ ದೂರಿಲ್ಲ. ಕೈಯಲ್ಲಿ ಹಣ ಬಿಗಿಯಿದ್ದರೆ ನಾನು ಸನ್ನೆಯದನ್ನು ಬಿಟ್ಟು ಇದನ್ನೇ ಮಾಡಿಕೊಳ್ಳುತ್ತೇನೆ.

ನಾನು ಒಂದು ಬಿಟ್ ಹಾಕಿದರೆ ಸಂಜೆಯವರೆಗೂ ಅದರಲ್ಲೇ ಕೆಲಸ ಮಾಡುವವನು. ಹ್ಯಾಂಡಲ್ ತಿರುಗಿಸುವ ಬೇಸರ ನನಗೆ ಲೆಕ್ಕಕ್ಕಿಲ್ಲ. ಗಳಿಗೆಗೊಂದು ಬಿಟ್ ಬದಲಿಸುವವರು ಸನ್ನೆಯದನ್ನೇ ಕೊಳ್ಳಲಿ, ಆದರೆ ಅಂಗಡಿಯಲ್ಲೇ ಬೀಗ ಬಿಗಿದು ನೋಡಲಿ. ಯಾವುದಾದರೂ ಸರಿ, ಮೊದಲು ಮೋಟಾರಿನ ವ್ಯಾಸ ಅಳೆದುಕೊಳ್ಳಿ: 3.5 ಇಂಚಿನ ಮೋಟಾರ್ ಲಿಫ್ಟಿನ 4.2 ಇಂಚಿನ ಹಿಡಿಕೆಯಲ್ಲಿ ಅಡಾಪ್ಟರ್ ಇಲ್ಲದೆ ನಿಲ್ಲುವುದಿಲ್ಲ.