ನಾರ್ನಿಯಾ ತಗೊಳ್ಳಿ, ಆದರೆ ಒಂದನೇ ನಂಬರಿನಿಂದ ಶುರು ಮಾಡಬೇಡಿ

ಯೇಸುವಿನ ನಂಬಿಕೆಯ ನೆರಳಿರೋ ಮಾಯಾಲೋಕದ ಕಥೆ ಮಕ್ಕಳಿಗೆ ಓದಿ ಹೇಳೋಕೆ ಯಾವುದು ತಗೊಳ್ಳಬೇಕು ಅಂದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿ. ಎಸ್. ಲೂಯಿಸರ ನಾರ್ನಿಯಾ ಕಥೆಗಳಿಗೆ. ಮೂರು ವಾರ ನನಗೆ ಕೈಕೊಟ್ಟಿದ್ದೂ ಅದೇ ಸೆಟ್ಟು.

ನಮ್ಮದು ಬೀದರಿನ ಮೆಥೋಡಿಸ್ಟ್ ಮನೆ. ಅಣ್ಣನ ಮಗಳಿಗೆ ಒಂಬತ್ತು ವರ್ಷ. ರಾತ್ರಿ ಊಟ ಆದಮೇಲೆ ಅರ್ಧ ಗಂಟೆ ಅವಳಿಗೆ ಕಥೆ ಓದೋದು ನನ್ನ ಪಾಲಿನ ಕೆಲಸ. ಇಂಗ್ಲಿಷಿನಲ್ಲಿ ಒಂದು ಸಾಲು ಓದಿ, ಅದನ್ನೇ ನಮ್ಮ ಮಾತಿನಲ್ಲಿ ಹೇಳುತ್ತೇನೆ. ಯೇಸುವಿನ ನಂಬಿಕೆಯ ನೆರಳೂ ಇರಬೇಕು, ಮಾಯಾಲೋಕವೂ ಇರಬೇಕು ಅಂತ ಮೂರನ್ನು ಓದಿ ನೋಡಿದೆವು: ಲೂಯಿಸರ ನಾರ್ನಿಯಾ, ಟೋಲ್ಕಿನ್‌ರ 'ಲಾರ್ಡ್ ಆಫ್ ದಿ ರಿಂಗ್ಸ್', ಬನ್ಯನ್ನರ 'ಯಾತ್ರಿಕನ ಸಂಚಾರ'.

ಏಳು ಪುಸ್ತಕಗಳ ನಾರ್ನಿಯಾ ಸೆಟ್ಟು ಬಂತು. ಬೆನ್ನಿನ ಮೇಲೆ 1 ಅಂತ ಇದ್ದದ್ದು 'ದಿ ಮೆಜಿಷಿಯನ್ಸ್ ನೆಫ್ಯೂ'. ಒಂದು ಅಂದರೆ ಒಂದೇ ಅಲ್ವಾ, ಸುಮ್ನೆ ಅದನ್ನೇ ತೆಗೆದೆ. ಅರ್ಧ ಪುಸ್ತಕ ಮುಗಿದರೂ ಸಿಂಹದ ಸುಳಿವಿಲ್ಲ. ಮುಖಪುಟದ ಸಿಂಹ ನೋಡಿಯೇ ಖುಷಿಪಟ್ಟಿದ್ದ ಹುಡುಗಿ ದಿನಾ ಒಂದೇ ಕೇಳುತ್ತಿದ್ದಳು, "ಕಾಕಾ, ಸಿಂಹ ಯಾವಾಗ ಬರ್ತದ?"

ಅದಾದರೂ ಪರವಾಗಿಲ್ಲ. ನಿಜವಾದ ಪೆಟ್ಟು ಬಿದ್ದದ್ದು ಎರಡನೇ ನಂಬರಿನಲ್ಲಿ, ಅಂದರೆ 'ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್'ನಲ್ಲಿ. ಲೂಸಿ ಅನ್ನೋ ಹುಡುಗಿ ಅಲಮಾರಿಯೊಳಗೆ ಹೋಗುತ್ತಾಳೆ, ಕೋಟುಗಳು ಮುಗಿದು ಕಾಲಡಿ ಹಿಮ ಸಿಗುತ್ತದೆ, ಕಾಡಿನ ನಡುವೆ ಒಂದು ದೀಪದ ಕಂಬ ಉರಿಯುತ್ತಿರುತ್ತದೆ. ಮೈ ಜುಮ್ಮೆನ್ನಬೇಕಾದ ಜಾಗ ಅದು. ನಮ್ಮವಳು ಆಕಳಿಸಿ, "ಆ ಕಂಬ ಹ್ಯಾಂಗ ಬಂತು ನಂಗ ಗೊತ್ತದ" ಅಂದಳು. ಒಂದನೇ ನಂಬರಿನಲ್ಲೇ ಆ ಗುಟ್ಟು ಬಯಲಾಗಿತ್ತಲ್ಲ. ಮುಂದೆ ಆ ಸಿಂಹದ ಹೆಸರು, ಅಸ್ಲಾನ್ ಅಂತ, ಮೊದಲ ಸಲ ಬಂದಾಗ, ಅವನು ಯಾರೆಂದು ಕಥೆಯ ಮಕ್ಕಳಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ ಅನ್ನೋ ಅರ್ಥದ ಮಾತನ್ನು ಲೇಖಕರು ಹೇಳುತ್ತಾರೆ. "ಸುಳ್ಳು!" ಅಂತ ಎದ್ದು ಕೂತಳು. ಅವಳದೇನೂ ತಪ್ಪಿಲ್ಲ.

ಆಮೇಲೆ ಗೊತ್ತಾಯಿತು. ಸಿಂಹ, ಮಾಟಗಾತಿ, ಅಲಮಾರಿಯ ಪುಸ್ತಕ ಬಂದದ್ದು 1950ರಲ್ಲಿ. ನಾನು ಮೊದಲು ಓದಿದ್ದು ಬಂದದ್ದು 1955ರಲ್ಲಿ, ಆರನೆಯದಾಗಿ. ಕಥೆಯ ಕಾಲ ನೋಡಿ ಈಗ ಅದಕ್ಕೆ 1 ಕೊಟ್ಟಿದ್ದಾರೆ. 1957ರಲ್ಲಿ ಅಮೆರಿಕದ ಒಬ್ಬ ಹುಡುಗನಿಗೆ ಬರೆದ ಕಾಗದದಲ್ಲಿ ಲೂಯಿಸರೇ ಕಥೆಯ ಕಾಲದ ಈ ಕ್ರಮವನ್ನು ಒಪ್ಪಿದ್ದರು, ಯಾವ ಕ್ರಮದಲ್ಲಿ ಓದಿದರೂ ಅಷ್ಟೇನೂ ವ್ಯತ್ಯಾಸವಾಗದು ಅಂತಲೂ ಸೇರಿಸಿದ್ದರು. ಆಗುತ್ತದೆ, ಸ್ವಾಮಿ.

'ಯಾತ್ರಿಕನ ಸಂಚಾರ'ಕ್ಕೆ ಒಂದು ದೊಡ್ಡ ಲಾಭ ಇದೆ: ಅದು ಕನ್ನಡದಲ್ಲಿ ಸಿಗುತ್ತದೆ. ಬನ್ಯನ್ ಜೈಲು ಕಂಡು ಬರೆದ 1678ರ ಪುಸ್ತಕ ಅದು. ಬೆನ್ನ ಮೇಲೆ ಪಾಪದ ಗಂಟು ಹೊತ್ತವನ ಕಥೆ ನಮ್ಮವ್ವನಿಗೆ ಅರ್ಧ ಬಾಯಿಪಾಠ. ಆದರೆ ಹೆಸರು ಕೇಳಿದ ಕೂಡಲೇ ಯಾರು ಒಳ್ಳೆಯವನು, ಯಾರು ಕೆಟ್ಟವನು ಅಂತ ಗೊತ್ತಾಗಿಬಿಡುತ್ತದೆ. ಅಪೊಲ್ಲಿಯೋನ್ ಅನ್ನೋ ರಾಕ್ಷಸನ ಜೊತೆಗಿನ ಕಾದಾಟ ಮಾತ್ರ ಎರಡು ಸಲ ಓದಿಸಿಕೊಂಡಳು.

ಟೋಲ್ಕಿನ್ ನನಗೆ ಇಷ್ಟ, ಅವಳಿಗೆ ಈಗಲೇ ಬೇಡ. ಚರ್ಚಿಲ್ಲ, ಪಾದ್ರಿ ಇಲ್ಲ, ಆದರೂ ಕೆಟ್ಟ ಉಂಗುರವನ್ನು ನಾಶ ಮಾಡೋಕೆ ಹೊತ್ತವರ ತಂಡ ಹೊರಡೋದು ಡಿಸೆಂಬರ್ 25ಕ್ಕೆ, ಉಂಗುರ ನಾಶವಾಗೋದು ಮಾರ್ಚ್ 25ಕ್ಕೆ, ಅಂದರೆ ದೇವದೂತ ಮರಿಯಳಿಗೆ ಸುದ್ದಿ ತಂದ ಹಬ್ಬದ ದಿನ. ಇಂಥದ್ದನ್ನು ಹುಡುಕಿಕೊಂಡು ಓದೋ ಮಜಾ ದೊಡ್ಡವರಿಗೆ. ಅರ್ಧ ಗಂಟೆ ಓದಿದರೂ ಆ ತಂಡದವರು ಇನ್ನೂ ನಡೆಯುತ್ತಲೇ ಇರುತ್ತಾರೆ.

ಮಾಟಗಾತಿ, ಮಾತಾಡೋ ಪ್ರಾಣಿ ಇರೋ ಪುಸ್ತಕ ಯಾಕೆ ಅಂತ ಹಿರಿಯರೊಬ್ಬರು ಕೇಳಿದರು. ಬೈಬಲಿನಲ್ಲಿ ಬಿಳಾಮನ ಕತ್ತೆ ಮಾತಾಡಿದ್ದನ್ನು ನೆನಪಿಸಿದೆ. ಚಾ ಕುಡಿದು ಹೋದರು.

ದುಡ್ಡು ಒಂದೇ ಸಲ ಹಾಕೋಕೆ ಕಷ್ಟ ಅಂದರೆ ಏಳೂ ಬೇಡ, 1950ರದ್ದು ಒಂದೇ ಕೊಳ್ಳಿ. ಸದಾ ಚಳಿಗಾಲ, ಕ್ರಿಸ್‌ಮಸ್ ಮಾತ್ರ ಬರೋದೇ ಇಲ್ಲ ಅನ್ನೋ ಊರಿನ ಕಥೆ. ಮನೆ ಮುಂದೆ ನಕ್ಷತ್ರ ಕಟ್ಟೋ ಮಕ್ಕಳಿಗೆ ಅದಕ್ಕಿಂತ ದೊಡ್ಡ ಶಾಪ ಬೇರೆ ವಿವರಿಸಬೇಕಾಗಿಲ್ಲ.

ಈಗ ನಮ್ಮ ಸೆಟ್ಟಿನ ಬೆನ್ನಿಗೆಲ್ಲ ಬಿಳಿ ಚೀಟಿ ಅಂಟಿಸಿ ಹೊಸ ನಂಬರು ಬರೆದಿದ್ದೇವೆ. ನಾಲ್ಕು ವರ್ಷದ ತಮ್ಮನ ಪಾಳಿ ಬಂದಾಗ ಬೇಕಲ್ಲ. ಕಂಬದ ಗುಟ್ಟು ಅವನಿಗೆ ಹೇಳೋದಿಲ್ಲ ಅಂತ ಅಕ್ಕ ಆಣೆ ಮಾಡಿದ್ದಾಳೆ. ಮೊನ್ನೆ ಒಂದು ಚಾಕಲೇಟಿಗೆ ಅರ್ಧ ಹೇಳಿಬಿಟ್ಟಿದ್ದಾಳಂತೆ.