ಲೆಜೆಂಡರಿ ಗೇರ್‌ಗೆ ದುಡ್ಡು ಹಾಕುವ ಮುಂಚೆ ಇದನ್ನು ಓದಿ

ಆನ್‌ಲೈನ್ ರೋಲ್ ಪ್ಲೇಯಿಂಗ್ ಆಟ ಆಡುವವರಿಗೆ ಈ ಬರಹ. ಗೇರ್ ಅಂದರೆ ಆಟದ ಪಾತ್ರ ಬಳಸುವ ಆಯುಧ, ಗುರಾಣಿ, ಉಡುಪು; ಲೆಜೆಂಡರಿ ಅಂದರೆ ಅದರಲ್ಲಿ ತೀರಾ ಅಪರೂಪದ ದರ್ಜೆ. ಅದರಲ್ಲೂ ಆಯುಧವನ್ನು ಪ್ಲಸ್ 10, ಪ್ಲಸ್ 15 ಅಂತ ಏರಿಸುತ್ತಾ ಹೋಗುವ ಆಟ ನಿಮ್ಮದಾದರೆ ಖಂಡಿತ ಓದಿ. ನಮ್ಮ ಗಿಲ್ಡ್‌ನಲ್ಲಿ, ಅಂದರೆ ಒಟ್ಟಿಗೆ ಆಡುವ ತಂಡದಲ್ಲಿ, ಆಗಿದ್ದು ನಿಮಗೆ ಆಗಬಾರದು. ಆಟದ ಹೆಸರು ಇಲ್ಲಿ ಹೇಳುತ್ತಿಲ್ಲ. ಇದೇ ಥರದ ಆಟಗಳು ಬೇಕಾದಷ್ಟಿವೆ, ಎಲ್ಲದರಲ್ಲೂ ನಡೆಯುವ ರೀತಿ ಹೆಚ್ಚುಕಮ್ಮಿ ಒಂದೇ.

ಗಿಲ್ಡ್‌ನಲ್ಲಿ ನಾನು ಟ್ಯಾಂಕ್. ಬಾಸ್‌ನ, ಅಂದರೆ ದೊಡ್ಡ ಶತ್ರುವಿನ, ಹೊಡೆತ ತಿನ್ನುವುದು ನನ್ನ ಕೆಲಸ. ಹಲವರು ಸೇರಿ ಬಾಸ್‌ಗಳನ್ನು ಎದುರಿಸುವ ಕೊನೆಯ ರೇಡ್‌ನಲ್ಲಿ ಒಂದು ಲೆಜೆಂಡರಿ ಗುರಾಣಿ ಇತ್ತು. ಅದು ಇಡಿಯಾಗಿ ಬೀಳುತ್ತಿರಲಿಲ್ಲ, ಚೂರುಚೂರಾಗಿ ಬೀಳುತ್ತಿತ್ತು. ಬೇರೆಯವರು ತಮ್ಮ ಪಾಲಿನ ಚೂರುಗಳನ್ನೂ ನನಗೇ ಬಿಟ್ಟುಕೊಟ್ಟರು. ಟ್ಯಾಂಕ್ ಗಟ್ಟಿಯಾದರೆ ಗಾಯ ವಾಸಿ ಮಾಡುವ ಹೀಲರ್‌ಗಳ ಕಷ್ಟ ಕಡಿಮೆಯಾಗುತ್ತದೆ, ಎಲ್ಲರೂ ಮುಂದೆ ಹೋಗಬಹುದು ಅನ್ನುವ ಲೆಕ್ಕ ಅದು. ಗುರಾಣಿ ಕೈಗೆ ಬಂದ ವಾರವೇ, ತಿಂಗಳುಗಟ್ಟಲೆ ನಮ್ಮನ್ನು ತಡೆದಿದ್ದ ಬಾಸ್ ಸತ್ತ. ಆಟದಲ್ಲಿ ನಾನು ಪಟ್ಟ ದೊಡ್ಡ ಖುಷಿ ಅದು.

ಆಮೇಲೆ ಒಂದು ಪ್ಯಾಚ್, ಅಂದರೆ ಆಟದ ಅಪ್‌ಡೇಟ್, ಬಂತು. ಎಲ್ಲ ಲೆಜೆಂಡರಿ ಗೇರ್‌ಗೂ ಎನ್‌ಹಾನ್ಸ್‌ಮೆಂಟ್, ಅಂದರೆ ಪ್ಲಸ್ ಹಂತ ಏರಿಸುವ ವ್ಯವಸ್ಥೆ, ಸೇರಿಸಿದರು. ಹೊಸ ರೇಡ್‌ಗೆ ಹೋಗಲು ಇಷ್ಟು ಗೇರ್ ಸ್ಕೋರ್ (ಗೇರ್‌ನ ಒಟ್ಟು ಬಲದ ಅಂಕ) ಇರಲೇಬೇಕು ಅಂತ ನಿಯಮ ಬಂತು. ಪ್ಲಸ್ 12ರ ತನಕ ಆಟದೊಳಗಿನ ಚಿನ್ನದಿಂದಲೇ ಏರಿಸಬಹುದಿತ್ತು. ಅಲ್ಲಿಂದ ಮೇಲೆ ಗೆಲ್ಲುವ ಅವಕಾಶ ಬರೀ 3%. ಸೋತರೆ ಒಂದು ಹಂತ ಕೆಳಗೆ. ಒಮ್ಮೊಮ್ಮೆ ಗುರಾಣಿ ಒಡೆದೇ ಹೋಗಬಹುದು. ಒಡೆಯದಂತೆ ಕಾಯುವ ಸ್ಕ್ರೋಲ್ ಇತ್ತು, ಆದರೆ ಅದು ಸಿಗುತ್ತಿದ್ದದ್ದು ಆಟದ ಶಾಪ್‌ನಲ್ಲಿ ಮಾತ್ರ, ನಿಜವಾದ ದುಡ್ಡಿಗೆ.

ನಾವು ದುಡ್ಡು ಹಾಕಿದ್ದಕ್ಕೆ ಒಂದು ಕಾರಣ ಇತ್ತು. ಪ್ರತಿ ಸೋಲಿಗೂ ಪರದೆಯ ಮೇಲೆ ಒಂದು ಬಾರ್ ಸ್ವಲ್ಪ ಸ್ವಲ್ಪವೇ ತುಂಬುತ್ತಿತ್ತು. ಬಾರ್ ಪೂರ್ತಿ ತುಂಬಿದರೆ ಮುಂದಿನ ಪ್ರಯತ್ನ ಖಂಡಿತ ಗೆಲ್ಲುತ್ತದೆ ಅಂತ ಅಲ್ಲೇ ಬರೆದಿತ್ತು. ಅದನ್ನು ನಂಬಿ ನಾನೂ ಗಿಲ್ಡ್‌ನ ಇನ್ನಿಬ್ಬರೂ ಸ್ಕ್ರೋಲ್ ಕೊಂಡೆವು. ಬಾರ್ ತುಂಬಲು ಇನ್ನು ಸ್ವಲ್ಪವೇ ಬಾಕಿ ಇತ್ತು. ಒಂದು ದಿನ ಸರ್ವರ್ ಮೇಂಟೆನೆನ್ಸ್ ಮುಗಿಸಿ ತೆರೆದಾಗ ನೋಡಿದರೆ ಮೂವರ ಬಾರ್ ಖಾಲಿ. ಪ್ಯಾಚ್ ನೋಟ್ಸ್‌ನಲ್ಲಿದ್ದದ್ದು ಒಂದೇ ಸಾಲು: ಎನ್‌ಹಾನ್ಸ್‌ಮೆಂಟ್ ಪರದೆಯನ್ನು ಸುಧಾರಿಸಲಾಗಿದೆ. ಸಪೋರ್ಟ್‌ಗೆ ಬರೆದೆವು. ಬಾರ್ ಒಂದು ಈವೆಂಟ್‌ಗೆ ಸೇರಿದ್ದು, ಈವೆಂಟ್ ಮುಗಿದಿದೆ, ಬಳಸಿದ ಸ್ಕ್ರೋಲ್‌ಗೆ ಹಣ ವಾಪಸ್ ಇಲ್ಲ ಅಂತ ಉತ್ತರ ಬಂತು. ಈವೆಂಟ್‌ನ ಕೊನೆ ದಿನ ಆ ಪರದೆಯಲ್ಲಿ ಎಲ್ಲೂ ಇರಲಿಲ್ಲ. ಹಳೆಯ ಪ್ರಕಟಣೆಯೊಂದರ ಕೆಳಗಿತ್ತು.

ಇದಾದ ಕೆಲವೇ ವಾರಕ್ಕೆ ಲೆಜೆಂಡರಿಗಿಂತ ಮೇಲಿನ ಇನ್ನೊಂದು ದರ್ಜೆ ಬಂತು. ಶಾಪ್‌ನ ಬಾಕ್ಸ್‌ನಲ್ಲಿ (ಒಳಗೇನಿದೆ ಅಂತ ತಿಳಿಯದೆ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆ) ಸಿಗುವ ಹೊಸ ಗುರಾಣಿ, ಒಂದು ಹಂತವನ್ನೂ ಏರಿಸದೆಯೇ, ನಮ್ಮದಕ್ಕಿಂತ ಬಲವಾಗಿತ್ತು. ಇಡೀ ಗಿಲ್ಡ್ ಸೇರಿ ದುಡಿದು ತಂದಿದ್ದಕ್ಕೆ ಬೆಲೆಯೇ ಇಲ್ಲದಂತಾಯಿತು. ದುಡ್ಡು ಹೋಗಿದ್ದಕ್ಕಿಂತ ಇದೇ ಜಾಸ್ತಿ ನೋವಾಯಿತು. ತಮ್ಮ ಪಾಲು ಬಿಟ್ಟುಕೊಟ್ಟಿದ್ದ ಇಬ್ಬರು ಹೀಲರ್‌ಗಳು ಆ ತಿಂಗಳೇ ಆಟ ಬಿಟ್ಟರು.

ಹಳೆ ಕಾಲ ಚಿನ್ನದಂಥದ್ದು ಅಂತ ನಾನು ಹೇಳುತ್ತಿಲ್ಲ. 1999ರಲ್ಲಿ ಬಂದ ಎವರ್‌ಕ್ವೆಸ್ಟ್‌ನಲ್ಲಿ ಒಂದು ಒಳ್ಳೆ ಐಟಂಗಾಗಿ ಒಂದೇ ಜಾಗದಲ್ಲಿ ಗಂಟೆಗಟ್ಟಲೆ ಕಾದು ಕೂರಬೇಕಿತ್ತು, ಅದಕ್ಕೂ ಸರದಿ ಇರುತ್ತಿತ್ತು. 2004ರಲ್ಲಿ ಶುರುವಾದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಥಂಡರ್‌ಫ್ಯೂರಿ ಕತ್ತಿಯನ್ನೇ ನೋಡಿ. ಅದಕ್ಕೆ ಬೇಕಾದ ಎರಡು ತುಂಡುಗಳು ಮೋಲ್ಟನ್ ಕೋರ್ ರೇಡ್‌ನ ಗಾರ್, ಬ್ಯಾರನ್ ಗೆಡ್ಡನ್ ಅನ್ನುವ ಬೇರೆಬೇರೆ ಬಾಸ್‌ಗಳಿಂದ ಬೀಳಬೇಕು, ಅದೂ ಅಪರೂಪಕ್ಕೆ. ಆ ರೇಡ್‌ಗೆ ಆಗ 40 ಜನ ಸೇರಬೇಕಿತ್ತು. ತುಂಡು ಯಾರಿಗೆ ಅನ್ನುವ ಜಗಳದಲ್ಲೇ ಎಷ್ಟೋ ಗಿಲ್ಡ್‌ಗಳು ಒಡೆದವು. ಆದರೆ ಆ ಕತ್ತಿ ಹಿಡಿದವರನ್ನು ನೋಡಿದರೆ ಇವರ ಹಿಂದೆ 40 ಜನರ ದುಡಿಮೆ ಇದೆ ಅಂತ ಸರ್ವರ್‌ಗೇ ಗೊತ್ತಾಗುತ್ತಿತ್ತು.

ಆಮೇಲೆ ಕಂಪನಿಗಳು ಇದನ್ನು ಸಡಿಲ ಮಾಡಿದವು. ಅದರಲ್ಲಿ ಬಹಳಷ್ಟು ಒಳ್ಳೆಯದೇ. ಅದೇ ಆಟದಲ್ಲಿ 2012ರ ಮಿಸ್ಟ್ಸ್ ಆಫ್ ಪಂಡಾರಿಯಾ ಅನ್ನುವ ವಿಸ್ತರಣೆಯಲ್ಲಿ ಲೆಜೆಂಡರಿ ಹೊದಿಕೆಯನ್ನು ಕ್ವೆಸ್ಟ್ (ಆಟ ಕೊಡುವ ಕೆಲಸ) ಸರಣಿ ಮುಗಿಸಿ ಯಾರು ಬೇಕಾದರೂ ಪಡೆಯಬಹುದಾಯಿತು. 2016ರ ಲೀಜನ್‌ನಲ್ಲಿ ಆರ್ಟಿಫ್ಯಾಕ್ಟ್ ಆಯುಧ ಎಲ್ಲರ ಕೈಗೂ ಬಂತು. ಹಳೆ ಗೇರ್‌ನ ಬೆಲೆ ಇಳಿಯುವುದೂ ಹೊಸದೇನಲ್ಲ. 2007ರ ಬರ್ನಿಂಗ್ ಕ್ರುಸೇಡ್‌ನಲ್ಲಿ ಮೊದಲ ಕೆಲವು ಕ್ವೆಸ್ಟ್‌ಗೆ ಸಿಕ್ಕ ಮಾಮೂಲಿ ಹಸಿರು ಐಟಂಗಳೇ ಎಷ್ಟೋ ಹಳೆ ರೇಡ್ ಗೇರ್‌ಗಿಂತ ಬಲವಾಗಿದ್ದವು. ಜನ ಬೇಸರಪಟ್ಟರು. ಆದರೂ ಆ ಹಳೆ ಗೇರ್ ಏರಿಸಲು ಶಾಪ್‌ನಲ್ಲಿ ಯಾರೂ ದುಡ್ಡು ಸುರಿದಿರಲಿಲ್ಲ, ಅಲ್ವಾ? ಪ್ರತಿ ಸೀಸನ್‌ಗೂ ಎಲ್ಲರೂ ಸೊನ್ನೆಯಿಂದ ಶುರು ಮಾಡುವ ಆಟಗಳ ಬಗ್ಗೆಯೂ ನನಗೆ ತಕರಾರಿಲ್ಲ. ಅಲ್ಲಿ ಮೊದಲೇ ಹೇಳಿರುತ್ತಾರೆ.

ದುಡ್ಡು ನೇರವಾಗಿ ಗೇರ್‌ಗೆ ತಾಗಿದರೆ ಆಟವೇ ಕೆಡುತ್ತದೆ ಅನ್ನುವುದು ದೊಡ್ಡ ಕಂಪನಿಗಳಿಗೂ ಗೊತ್ತು. ಡಯಾಬ್ಲೊ 3 ಆಟದಲ್ಲಿ 2012ರಲ್ಲಿ ನಿಜವಾದ ದುಡ್ಡಿನ ಹರಾಜು ತೆರೆದರು. ರಾಕ್ಷಸರನ್ನು ಕೊಂದು ಲೂಟ್ (ಅವರಿಂದ ಬೀಳುವ ಐಟಂ) ಪಡೆಯುವ ಮೂಲ ಆಟವನ್ನೇ ಇದು ಹಾಳು ಮಾಡುತ್ತಿದೆ ಅಂತ ಒಪ್ಪಿಕೊಂಡು, 2014ರ ಮಾರ್ಚ್ 18ಕ್ಕೆ ಮುಚ್ಚಿದರು.

ಇನ್ನೊಂದು ಕಡೆ ಮೇಪಲ್‌ಸ್ಟೋರಿ ಅನ್ನುವ ಆಟ ಇದೆ. ಅಲ್ಲಿ ಗೇರ್‌ನ ಗುಣ ಬದಲಿಸಲು ಕ್ಯೂಬ್ ಅನ್ನುವ ಐಟಂ ಮಾರುತ್ತಿದ್ದರು. ಆಟಗಾರರು ಬಯಸುವ ಗುಣಗಳು ಬರುವ ಅವಕಾಶವನ್ನು 2010ರಿಂದಲೇ ತಗ್ಗಿಸಿದ್ದರು, 2011ರಿಂದ ಸುಮಾರು ಹತ್ತು ವರ್ಷ ಕೆಲವು ಜೋಡಣೆಗಳು ಬರದಂತೆಯೇ ಮಾಡಿದ್ದರು, ಇದನ್ನು ಯಾರಿಗೂ ಹೇಳಿರಲಿಲ್ಲ ಅಂತ ದಕ್ಷಿಣ ಕೊರಿಯಾದ ಫೇರ್ ಟ್ರೇಡ್ ಕಮಿಷನ್ 2024ರ ಜನವರಿಯಲ್ಲಿ ಹೇಳಿತು. ಆ ಆಟ ನಡೆಸುವ ನೆಕ್ಸಾನ್ ಕಂಪನಿಗೆ ಸುಮಾರು 1,160 ಕೋಟಿ ವಾನ್ ದಂಡ ಹಾಕಿತು. ಸಿಗಲು ಸಾಧ್ಯವೇ ಇಲ್ಲದ ಗುಣಕ್ಕಾಗಿ ಜನ ವರ್ಷಗಟ್ಟಲೆ ದುಡ್ಡು ಕೊಟ್ಟಿದ್ದರು. ಅದೇ ವರ್ಷದ ಮಾರ್ಚ್ 22ರಿಂದ ದಕ್ಷಿಣ ಕೊರಿಯಾದಲ್ಲಿ ಅವಕಾಶದ ಶೇಕಡಾವಾರನ್ನು ಬಹಿರಂಗವಾಗಿ ತೋರಿಸುವುದು ಕಾನೂನಾಯಿತು. ಬಾಕ್ಸ್ ಮಾತ್ರವಲ್ಲ, ಗೇರ್ ಏರಿಸುವ ಐಟಂಗಳಿಗೂ ಅದು ಅನ್ವಯಿಸುತ್ತದೆ. ಎಲ್ಲ ಕಡೆ ಹೀಗಿಲ್ಲ. ಬೆಲ್ಜಿಯಂ 2018ರಲ್ಲಿ ದುಡ್ಡಿನ ಲೂಟ್ ಬಾಕ್ಸ್‌ಗಳನ್ನು ಜೂಜು ಅಂತಲೇ ಹೇಳಿತು. ಎಷ್ಟೋ ದೇಶಗಳಲ್ಲಿ ಇಂಥ ನಿಯಮವೇ ಇಲ್ಲ.

ಹಾಗಾಗಿ ದುಡ್ಡು ಹಾಕುವ ಮುಂಚೆ ನೀವೇ ಕೆಲವನ್ನು ನೋಡಿಕೊಳ್ಳಬೇಕು. ಮೊದಲು ಆ ಶೇಕಡಾವಾರು. 3% ಅಂದರೆ 33 ಸಲಕ್ಕೆ ಒಂದು ಬಂದೇ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. 33 ಸಲ ಯತ್ನಿಸಿದ 100 ಜನರಲ್ಲಿ ಸುಮಾರು 37 ಜನ ಒಂದು ಸಲವೂ ಗೆದ್ದಿರುವುದಿಲ್ಲ. 100 ಸಲ ಯತ್ನಿಸಿದರೂ ನೂರರಲ್ಲಿ ಐದು ಜನರ ಕೈ ಖಾಲಿಯೇ. ಸೋತರೆ ಹಂತ ಇಳಿಯುತ್ತದೆ ಅಂತಾದರೆ ಪರಿಸ್ಥಿತಿ ಇನ್ನೂ ಕೆಟ್ಟದು. ಒಂದು ಗೆಲುವಿನ ಖರ್ಚು ಎಷ್ಟು ಅಂತ ಲೆಕ್ಕ ಹಾಕುವುದು ಬೇರೆ, ಇಳಿದು ಮತ್ತೆ ಹತ್ತುವ ಖರ್ಚು ಬೇರೆ. ಶಾಪ್ ನಿಮಗೆ ಮೊದಲನೆಯದನ್ನು ಮಾತ್ರ ತೋರಿಸುತ್ತದೆ.

ಗ್ಯಾರಂಟಿ ಬಾರ್ ಅಥವಾ ಪಿಟಿ ಕೌಂಟರ್ (ಇಷ್ಟು ಸೋಲಿನ ಮೇಲೆ ಗೆಲುವು ಖಂಡಿತ ಅನ್ನುವ ಎಣಿಕೆ) ಇದ್ದರೆ ಅದು ಶಾಶ್ವತವೋ ಈವೆಂಟ್‌ಗೆ ಮಾತ್ರವೋ ನೋಡಿ. ಮುಂದಿನ ಈವೆಂಟ್‌ಗೆ ಅದು ಮುಂದುವರಿಯುತ್ತದೆ ಅಂತ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ, ಖಾಲಿಯಾಗುತ್ತದೆ ಅಂತಲೇ ತಿಳಿದುಕೊಳ್ಳಿ. ಆಟದ ಹಳೆಯ ಪ್ಯಾಚ್ ನೋಟ್ಸ್‌ಗಳನ್ನೂ ಒಂದು ಸಲ ಓದಿ. ಹೊಸ ದರ್ಜೆಯ ಗೇರ್ ಎಷ್ಟು ತಿಂಗಳಿಗೊಮ್ಮೆ ಬಂದಿದೆ ಅನ್ನುವುದು ಅದರಲ್ಲೇ ಸಿಗುತ್ತದೆ. ನಿಮ್ಮ ಗೇರ್‌ನ ಆಯಸ್ಸು ಅಷ್ಟೇ.

ಈಗಾಗಲೇ ಏರಿಸಿದ ಗೇರ್ ಇರುವ ಅಕೌಂಟ್ ಕೊಡುತ್ತೇವೆ ಅಂತ ಹೊರಗೆ ಮಾರುವವರ ಹತ್ತಿರ ಹೋಗಲೇಬೇಡಿ. ಮೂಲ ಮಾಲೀಕರು ಸಪೋರ್ಟ್‌ಗೆ ಬರೆದು ಅಕೌಂಟ್ ವಾಪಸ್ ತೆಗೆದುಕೊಂಡರೆ ನಿಮಗೆ ಕೇಳುವ ದಾರಿಯೇ ಇರುವುದಿಲ್ಲ.

ಕೊನೆಗೆ, ಕೊಳ್ಳಲೇಬೇಕು ಅಂತಿದ್ದರೆ ಕೊಳ್ಳುವ ಮೊದಲು ಆ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ಶೇಕಡಾವಾರು, ಬಾರ್, ಅದರ ನಿಯಮ, ದಿನಾಂಕ ಎಲ್ಲವೂ ಕಾಣುವಂತೆ ಇರಲಿ. ಮೋಸ ಆಗಿದೆ ಅನ್ನಿಸಿದ ದಿನವೇ ಆಪ್ ಸ್ಟೋರ್‌ನಲ್ಲಿ ನೇರವಾಗಿ ರೀಫಂಡ್ ಕೇಳಿ. ಅದಕ್ಕೆ ಕಾಲಮಿತಿ ಇರುತ್ತದೆ, ಆಟದ ಸಪೋರ್ಟ್ ಉತ್ತರ ಕೊಡುವ ಹೊತ್ತಿಗೆ ಅದು ಮುಗಿದಿರಬಹುದು. ನಮ್ಮ ಮೂವರಲ್ಲಿ ಬಾರ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದ ಒಬ್ಬರು ಅವತ್ತೇ ಸ್ಟೋರ್‌ಗೆ ಬರೆದರು. ಅವರ ಕೊನೆಯ ಖರೀದಿಯ ಹಣವಾದರೂ ವಾಪಸ್ ಬಂತು. ಸಪೋರ್ಟ್ ಉತ್ತರಕ್ಕೆ ಕಾದ ನಮ್ಮಿಬ್ಬರಿಗೆ ಏನೂ ಬರಲಿಲ್ಲ.