ದಿನನಿತ್ಯದ ಸ್ಫೂರ್ತಿಗೆ ಸುತ್ತಾಟವೇ, ಒಳಾಂಗಣವೇ, ಊಟವೇ?

ಖರ್ಚಿನ ದೃಷ್ಟಿಯಿಂದ ನಗರದ ಸುತ್ತಾಟವೇ ಹಗುರ; ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಹಳೆಯ ಕಟ್ಟಡದ ಕಮಾನಿನ ಮೇಲೆ ಎದ್ದು ಕಾಣುವ ಕೆತ್ತನೆಯನ್ನು ನೋಡಲು ಬಿಡುವಿನ ಹೊರತು ಬೇರೇನೂ ಬೇಕಿಲ್ಲ. ಆದರೆ ಕಂಡದ್ದನ್ನು ಅಂದೇ ಬರೆದಿಟ್ಟುಕೊಳ್ಳದಿದ್ದರೆ ಅದು ಬೇಗ ಮಾಸಿಹೋಗುತ್ತದೆ.

ಒಳಾಂಗಣಕ್ಕೆ ಬಹಳ ಹಣ ಬೇಕೆಂಬ ಭಾವನೆ ಸಾಮಾನ್ಯವಾದರೂ, ಮೇಜನ್ನು ಕಿಟಕಿಯ ಪಕ್ಕಕ್ಕೆ ಸರಿಸಿ, ರಾತ್ರಿ ಚಾವಣಿಯ ಬಿಳಿ ದೀಪದ ಬದಲು ಸುಮಾರು 2700 ಕೆಲ್ವಿನ್‌ನ (ಬೆಳಕಿನ ಬಣ್ಣವನ್ನು ಸೂಚಿಸುವ ಅಳತೆ) ಹಳದಿ ಛಾಯೆಯ ದೀಪವನ್ನು ಮೂಲೆಯಲ್ಲಿ ಹಚ್ಚಿದರೆ ಕೋಣೆಯ ಸ್ವರೂಪವೇ ಬದಲಾಗುತ್ತದೆ. ಮನೆಯಲ್ಲೇ ಕೆಲಸ ಮಾಡುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಕಣ್ಣು ಬೇಗ ಒಗ್ಗಿಕೊಳ್ಳುವುದರಿಂದ ಆಗಾಗ ಸಣ್ಣ ಬದಲಾವಣೆ ಮಾತ್ರ ಅಗತ್ಯ.

ಸಮಯವೇ ಸಿಗದವರಿಗೆ ಊಟ ಸೂಕ್ತ, ಏಕೆಂದರೆ ಅಡುಗೆ ಹೇಗೂ ದಿನವೂ ಆಗಬೇಕಾದ ಕೆಲಸ. ಜೊತೆಗೆ ಕುಳಿತು ಉಣ್ಣುವವರಿರುವ ಮನೆಗೆ ಅದು ಇನ್ನೂ ಹೆಚ್ಚು ಒಪ್ಪುತ್ತದೆ.